ತಾಳವಾಡಿ ಬೆಟ್ಟದ ಸ್ಕೌಟ್ ದಳ: ಮೇಷ್ಟ್ರು ಹೋದರೆ ದಳವೂ ಹೋಗಬೇಕೆ?

ತಾಳವಾಡಿ: ಕೊರಳಿಗೆ ಸ್ಕಾರ್ಫು ಕಟ್ಟಿಕೊಂಡು, ಎದೆಗೆ ಬ್ಯಾಡ್ಜು ಹಾಕಿಕೊಂಡು ಮಕ್ಕಳು ಸಾಲಾಗಿ ನಿಂತರೆ ನೋಡುವುದಕ್ಕೆ ಚೆಂದ. ಆಗಸ್ಟ್ 15 ಮತ್ತು ಜನವರಿ 26ರಂದು ಧ್ವಜಕ್ಕೆ ಸೆಲ್ಯೂಟ್ ಹೊಡೆಯುವ ಸ್ಕೌಟ್ ಮಕ್ಕಳ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಪ್ರಶ್ನೆ ಇರುವುದು ಉಳಿದ 363 ದಿನಗಳ ಬಗ್ಗೆ. ಆಗ ದಳ ಎಲ್ಲಿರುತ್ತದೆ? ಅದನ್ನು ನಡೆಸುವವರು ಯಾರು? ಮಕ್ಕಳನ್ನು ಶಿಬಿರಕ್ಕೆ ಕರೆದುಕೊಂಡು ಹೋಗುವವರಿಗೆ ಆ ಅಧಿಕಾರ ಕೊಟ್ಟವರು ಯಾರು? ವಸೂಲಾದ ಹಣಕ್ಕೆ ಲೆಕ್ಕ ಇಡುವವರು ಯಾರು?

ತಮಿಳುನಾಡಿನಲ್ಲಿ ಸ್ಕೌಟ್ ಚಳವಳಿಗೆ ಈಗ ಸರ್ಕಾರದ ಬೆಂಬಲಕ್ಕೇನೂ ಕಡಿಮೆಯಿಲ್ಲ. 2025ರ ಜನವರಿ 28ರಿಂದ ಫೆಬ್ರವರಿ 3ರವರೆಗೆ ತಿರುಚ್ಚಿ ಜಿಲ್ಲೆಯ ಮಣಪ್ಪಾರೈಯಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ವಜ್ರ ಮಹೋತ್ಸವ ಜಾಂಬೂರಿ ನಡೆಯಿತು. ಸಮಾರೋಪಕ್ಕೆ ಬಂದ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ರಾಜ್ಯ ಸಂಸ್ಥೆಯ ಹೊಸ ಕೇಂದ್ರ ಕಚೇರಿಗೆ 10 ಕೋಟಿ ರೂಪಾಯಿ ಘೋಷಿಸಿದರು. ಸಂತೋಷದ ಸುದ್ದಿಯೇ. ಆದರೆ ಸ್ಕೌಟ್ ಚಳವಳಿ ಬದುಕುವುದು ಚೆನ್ನೈನ ಕಟ್ಟಡದಲ್ಲಿ ಅಲ್ಲ, ಹಳ್ಳಿಯ ಶಾಲೆಯ ಮೈದಾನದಲ್ಲಿ. ಆ ಮೈದಾನ ಈರೋಡ್ ಜಿಲ್ಲೆಯ ತುತ್ತತುದಿಯ ತಾಳವಾಡಿ ಬೆಟ್ಟದಲ್ಲಿದ್ದರೆ ಲೆಕ್ಕವೇ ಬೇರೆಯಾಗುತ್ತದೆ.

ಬೆಟ್ಟದ ಲೆಕ್ಕ

ತಾಳವಾಡಿ ಎಂದರೆ ಹೊರಗಿನವರಿಗೆ ಇಂದಿಗೂ ನೆನಪಾಗುವುದು 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣ. ಅದರಾಚೆಗೆ ಈ ಸೀಮೆಯ ದಿನನಿತ್ಯದ ಬದುಕು ಸುದ್ದಿಯಾಗುವುದು ಅಪರೂಪ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಪಕ್ಕದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಬಹಳ ಕಾಲ ಸತ್ಯಮಂಗಲ ತಾಲ್ಲೂಕಿನ ಭಾಗವಾಗಿದ್ದ ಊರು 2016ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಇಲ್ಲಿನ ಮನೆಮಾತು ಹೆಚ್ಚಾಗಿ ಕನ್ನಡ. ಸೋಲಿಗರ ಹಾಡಿಗಳಿವೆ. ತಮಿಳು ಕುಟುಂಬಗಳೂ ಇವೆ.

ತಾಲ್ಲೂಕಾದರೂ ಜಿಲ್ಲಾ ಕೇಂದ್ರ ಹತ್ತಿರ ಬರಲಿಲ್ಲ. ಈರೋಡ್‌ಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ. ಚಾಮರಾಜನಗರ ಅದರ ಕಾಲುಭಾಗದಷ್ಟೂ ದೂರವಿಲ್ಲ. ಸಾಲದ್ದಕ್ಕೆ ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ನಂತರ ಸ್ಥಳೀಯರಿಗೆ ಕೆಲವು ವಿನಾಯಿತಿಗಳು ಸಿಕ್ಕಿದರೂ, ಮಕ್ಕಳ ಗುಂಪನ್ನು ಸಂಜೆ ಮೇಲೆ ಘಾಟಿ ಹತ್ತಿಸುವ ಧೈರ್ಯ ಯಾವ ಶಿಕ್ಷಕರೂ ಮಾಡಲಾರರು.

ಇದಕ್ಕೂ ಸ್ಕೌಟಿಂಗಿಗೂ ಏನು ಸಂಬಂಧ ಎನ್ನಬಹುದು. ನೇರ ಸಂಬಂಧವಿದೆ. ಸ್ಕೌಟ್ ಮಗು ಹತ್ತಬೇಕಾದ ಮೆಟ್ಟಿಲುಗಳು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಮೊದಲ ಮೆಟ್ಟಿಲುಗಳು ಊರಲ್ಲೇ ಮುಗಿಯುತ್ತವೆ. ತೃತೀಯ ಸೋಪಾನದ ಪರೀಕ್ಷಾ ಶಿಬಿರ ಜಿಲ್ಲಾ ಸಂಸ್ಥೆಯದು, ರಾಜ್ಯ ಪುರಸ್ಕಾರದ್ದು ರಾಜ್ಯ ಸಂಸ್ಥೆಯದು. ಅಂದರೆ ಮೇಲಿನ ಮೆಟ್ಟಿಲಿಗೆ ಕಾಲಿಡಲು ಬೆಟ್ಟದ ಮಗು ಘಾಟಿ ಇಳಿಯಲೇಬೇಕು. ಬಯಲುಸೀಮೆಯ ಮಗುವಿಗೆ ಬೆಳಗಿನ ಟೌನ್ ಬಸ್ಸು ಸಾಕು. ಈ ಮಗುವಿಗೆ ಹೋಗುವ ದಿನ ಒಂದು, ಬರುವ ದಿನ ಒಂದು ಹೆಚ್ಚುವರಿ. ಜೊತೆಗೆ ಒಬ್ಬ ಶಿಕ್ಷಕರು ಶಾಲೆ ಬಿಟ್ಟು ಹೋಗಬೇಕು. ಗೈಡ್ ಹುಡುಗಿಯರಾದರೆ ಮಹಿಳೆಯೊಬ್ಬರು ಜೊತೆಗಿರಬೇಕು.

ಕಾಗದದ ಮೇಲೆ ದಳ

ಸ್ಕೌಟಿಂಗ್ ಭಾರತಕ್ಕೆ ಬಂದದ್ದು 1909ರಲ್ಲಿ. ಮೊದಲ ದಳ ಶುರುವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿ ಆಗ ಎರಡೇ ವರ್ಷವಾಗಿತ್ತು. ಆರಂಭದಲ್ಲಿ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಮಕ್ಕಳಿಗೆ ಬಾಗಿಲು ತೆರೆಯಲು ಮದರಾಸಿನಲ್ಲಿ ಅನಿಬೆಸೆಂಟ್ ಮತ್ತು ಅರುಂಡೇಲ್, ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಬೇರೆ ಸಂಸ್ಥೆಗಳನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯದ ನಂತರ ಹಲವು ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಮರುವರ್ಷ ಆಗಸ್ಟ್ 15ಕ್ಕೆ ಗೈಡ್ ಸಂಸ್ಥೆಯೂ ಸೇರಿತು.

ಇದರ ರಚನೆ ಹೀಗಿದೆ. ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ, ಅದರ ಕೆಳಗೆ ರಾಜ್ಯ ಸಂಸ್ಥೆ, ಜಿಲ್ಲಾ ಸಂಸ್ಥೆ, ಸ್ಥಳೀಯ ಸಂಸ್ಥೆ, ಕಟ್ಟಕಡೆಗೆ ದಳ. ಪ್ರತಿ ಹಂತದಲ್ಲೂ ಕಮಿಷನರ್, ಕಾರ್ಯದರ್ಶಿ, ಖಜಾಂಚಿ. ಜಿಲ್ಲಾ ಮಟ್ಟದಲ್ಲಿ ಬಹುತೇಕ ಕಡೆ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಹುದ್ದೆಯ ಜೊತೆಗೇ ಸ್ಕೌಟ್ ಜವಾಬ್ದಾರಿಯೂ ಬರುತ್ತದೆ. ಆಸಕ್ತಿ ಇದ್ದ ಅಧಿಕಾರಿ ಬಂದರೆ ಜಿಲ್ಲೆಯಲ್ಲಿ ಚಟುವಟಿಕೆ. ಇಲ್ಲದವರು ಬಂದರೆ ಕಡತಕ್ಕೆ ಸಹಿ ಮಾತ್ರ.

ಮೇಲಿನ ಹಂತದ ಹುದ್ದೆಗಳಿಗೆ ಪೈಪೋಟಿಯೂ ಇದೆ. 2017ರ ಸೆಪ್ಟೆಂಬರಿನಲ್ಲಿ ತಮಿಳುನಾಡು ರಾಜ್ಯ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಬಿಜೆಪಿಯ ಎಚ್. ರಾಜಾ ಮತ್ತು ಶಾಲಾ ಶಿಕ್ಷಣ ಇಲಾಖೆಯ ನಿವೃತ್ತ ನಿರ್ದೇಶಕ ಪಿ. ಮಣಿ ಸ್ಪರ್ಧಿಸಿದಾಗ ರಾಜ್ಯದ ಎಲ್ಲ ಮಾಧ್ಯಮಗಳೂ ಅತ್ತ ತಿರುಗಿದ್ದವು. ಮಣಿ ಗೆದ್ದರು. ಆದರೆ ದಳಗಳಿಗೆ ತರಬೇತಾದ ಮಾಸ್ಟರುಗಳು ಎಷ್ಟಿದ್ದಾರೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಕೆಳಗಿನ ದಳಕ್ಕೆ ಬೇಕಾದ ಕಾಗದಗಳು ಮೂರು. ಒಂದು, ದಳದ ನೋಂದಣಿ ಪತ್ರ. ಇದನ್ನು ಪ್ರತಿವರ್ಷ ಶುಲ್ಕ ಕಟ್ಟಿ ನವೀಕರಿಸಬೇಕು. ಎರಡು, ದಳ ನಡೆಸುವವರ ತರಬೇತಿ ಪ್ರಮಾಣಪತ್ರ. ಬೇಸಿಕ್, ಅಡ್ವಾನ್ಸ್‌ಡ್, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬುದು ಅದರ ಕ್ರಮ. ಮೂರು, ವಾರಂಟ್, ಅಂದರೆ ಈ ವ್ಯಕ್ತಿ ಮಕ್ಕಳ ದಳ ನಡೆಸಲು ಅರ್ಹರು ಎಂದು ಸಂಸ್ಥೆ ಕೊಡುವ ಅಧಿಕಾರ ಪತ್ರ. ಈ ಮೂರೂ ಇದ್ದರೆ ಅದು ದಳ. ಯಾವುದೂ ಇಲ್ಲದೆ ಸ್ಕಾರ್ಫು ಮಾತ್ರ ಇದ್ದರೆ ಅದು ವೇಷ.

ಮೇಷ್ಟ್ರ ದಳವೋ, ಮಕ್ಕಳ ದಳವೋ?

ಗುಡ್ಡಗಾಡಿನ ಶಾಲೆಗಳಲ್ಲಿ ಸ್ಕೌಟ್ ದಳದ ಕಥೆ ಸಾಮಾನ್ಯವಾಗಿ ಒಂದೇ ತರಹ. ಉತ್ಸಾಹಿ ಶಿಕ್ಷಕರೊಬ್ಬರು ಬರುತ್ತಾರೆ. ತಮ್ಮ ಕೈಯಿಂದ ಖರ್ಚು ಮಾಡಿ ತರಬೇತಿ ಪಡೆಯುತ್ತಾರೆ. ಇಪ್ಪತ್ತು ಮೂವತ್ತು ಮಕ್ಕಳನ್ನು ಸೇರಿಸುತ್ತಾರೆ. ಮೂರು ವರ್ಷ ದಳ ಚೆನ್ನಾಗಿ ನಡೆಯುತ್ತದೆ. ನಾಲ್ಕನೇ ವರ್ಷ ಅವರಿಗೆ ಊರ ಕಡೆ ವರ್ಗವಾಗುತ್ತದೆ. ಹಗ್ಗ, ಧ್ವಜ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳುತ್ತವೆ. ದ್ವಿತೀಯ ಸೋಪಾನ ಮುಗಿಸಿದ ಮಗು ಅಲ್ಲೇ ನಿಲ್ಲುತ್ತದೆ.

ತಾಳವಾಡಿಯಂಥ ಕಡೆ ಈ ಅಪಾಯ ದುಪ್ಪಟ್ಟು. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಸಾಕಷ್ಟಿಲ್ಲ ಎಂಬ ದೂರು ಹೊಸದಲ್ಲ. ಪಾಠ ಮಾಡುವುದಕ್ಕೇ ಜನ ಸಾಲದ ಕಡೆ ಸ್ಕೌಟ್ ಮಾಸ್ಟರ್ ಎಲ್ಲಿಂದ ಬರಬೇಕು? ಇದ್ದವರಿಗೇ ಚುನಾವಣಾ ಕೆಲಸ, ಗಣತಿ ಕೆಲಸ, ಆನ್‌ಲೈನ್ ದಾಖಲೆ ಕೆಲಸ.

ವಿಪರ್ಯಾಸವೆಂದರೆ ಸ್ಕೌಟಿಂಗಿನ ಮೂಲ ಪದ್ಧತಿಯಲ್ಲಿ ದಳ ಒಬ್ಬ ಮೇಷ್ಟ್ರ ಮೇಲೆ ನಿಲ್ಲುವಂತೆಯೇ ಇಲ್ಲ. ಆರರಿಂದ ಎಂಟು ಮಕ್ಕಳ ಒಂದು ತಂಡಕ್ಕೆ ಪ್ಯಾಟ್ರೋಲ್ ಎಂದು ಹೆಸರು. ಅದಕ್ಕೊಬ್ಬ ನಾಯಕ, ಒಬ್ಬ ಉಪನಾಯಕ. ಅಂಥ ನಾಲ್ಕು ತಂಡ ಸೇರಿದರೆ ಒಂದು ದಳ. ನಾಯಕರೆಲ್ಲ ಕೂತು ಮಾತಾಡುವ ಸಭೆಗೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಮುಂದಿನ ತಿಂಗಳು ಏನು ಮಾಡಬೇಕು, ತಪ್ಪು ಮಾಡಿದವನಿಗೆ ಏನು ಹೇಳಬೇಕು, ದಳದ ಹಣ ಎಷ್ಟಿದೆ, ಯಾವುದಕ್ಕೆ ಖರ್ಚಾಗಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗಬೇಕು. ಮಾಸ್ಟರ್ ಅಲ್ಲಿ ಸಲಹೆಗಾರ ಮಾತ್ರ. ಹದಿಮೂರು ವರ್ಷದ ಹುಡುಗಿ ಏಳು ಮಕ್ಕಳ ಜವಾಬ್ದಾರಿ ಹೊತ್ತು, ಅವರ ಹಾಜರಿ ಇಟ್ಟು, ಸಭೆಯಲ್ಲಿ ಅವರ ಪರವಾಗಿ ಮಾತಾಡಿ ಬರುವುದೇ ಈ ಚಳವಳಿಯ ನಿಜವಾದ ಪಾಠ. ಗಂಟು ಹಾಕುವುದು, ಸೀಟಿ ಊದುವುದು ಆಮೇಲಿನ ಮಾತು.

ಹಲವು ಶಾಲೆಗಳಲ್ಲಿ ಇದು ತಲೆಕೆಳಗಾಗಿದೆ. ಗಣ್ಯರು ಬಂದರೆ ಸ್ವಾಗತಕ್ಕೆ ನಿಲ್ಲಿಸಲು ಸ್ಕೌಟ್ಸ್, ಜಾತ್ರೆಯಲ್ಲಿ ಸಾಲು ನಿಲ್ಲಿಸಲು ಸ್ಕೌಟ್ಸ್, ಕುರ್ಚಿ ಜೋಡಿಸಲು ಸ್ಕೌಟ್ಸ್. ಸೇವೆ ಮಾಡಲಿ, ತಪ್ಪಿಲ್ಲ. ಆದರೆ ಆ ಸೇವೆಯನ್ನು ಮಕ್ಕಳೇ ಯೋಚಿಸಿ ಆರಿಸಿಕೊಂಡರೇ ಅಥವಾ ಆಫೀಸು ರೂಮಿನಿಂದ ಆರ್ಡರು ಬಂತೇ ಎಂಬುದರಲ್ಲಿ ದಳದ ಹಣೆಬರಹ ತಿಳಿಯುತ್ತದೆ. ನಾಯಕರ ಸಭೆ ನಿಜವಾಗಿ ನಡೆಯುವ ದಳ ಮೇಷ್ಟ್ರು ಹೋದ ಮೇಲೂ ಆರು ತಿಂಗಳು ತಾನೇ ನಡೆಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರನ್ನು ಹುಡುಕಬಹುದು.

ಮೂರು ಭಾಷೆಯ ಮಗು

ಬೆಟ್ಟದ ದಳಕ್ಕೆ ಇನ್ನೊಂದು ತೊಡಕು ಭಾಷೆ. ಸ್ಕೌಟ್ ಪ್ರಾರ್ಥನೆ ಮತ್ತು ಧ್ವಜಗೀತೆ ಹಿಂದಿಯಲ್ಲಿವೆ. ಜಿಲ್ಲಾ ಶಿಬಿರದಲ್ಲಿ ವಿವರಣೆ ತಮಿಳಿನಲ್ಲಿ. ಮನೆಯಲ್ಲಿ ಕನ್ನಡ ಅಥವಾ ಸೋಲಿಗರ ನುಡಿ. 2006ರ ತಮಿಳು ಕಲಿಕೆ ಕಾಯ್ದೆ ಜಾರಿಯಾದ ಮೇಲೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಬಂದಿರುವುದರಿಂದ ಇಂದಿನ ಮಕ್ಕಳಿಗೆ ತಮಿಳು ಓದಲು ಬರೆಯಲು ಹಿಂದಿನವರಷ್ಟು ಕಷ್ಟವಿಲ್ಲ. ಆದರೆ ಮುರಿದ ಕೈಗೆ ಪಟ್ಟಿ ಕಟ್ಟುವುದು ಹೇಗೆ, ಹಾವು ಕಚ್ಚಿದರೆ ಏನು ಮಾಡಬಾರದು ಎಂಬುದನ್ನು ಪರೀಕ್ಷಕರ ಮುಂದೆ ಹೇಳುವಾಗ ಮಗುವಿಗೆ ಮೊದಲು ಬರುವುದು ಮನೆಯ ಮಾತೇ. ವಿಷಯ ಗೊತ್ತಿದ್ದೂ ಮಾತಿಗೆ ತಡವರಿಸಿದವನು ದಡ್ಡ ಎನಿಸಿಕೊಳ್ಳುವ ಅಪಾಯ ಇಲ್ಲಿದೆ.

ಇದಕ್ಕೆ ದೊಡ್ಡ ಚಳವಳಿಯೇನೂ ಬೇಡ. ಪಕ್ಕದ ಕರ್ನಾಟಕದಲ್ಲಿ ಸ್ಕೌಟಿಂಗ್ ದಶಕಗಳಿಂದ ಕನ್ನಡದಲ್ಲೇ ನಡೆಯುತ್ತಿದೆ. ತರಬೇತಿ ಪುಸ್ತಕಗಳಿವೆ, ಕನ್ನಡದಲ್ಲಿ ಕಲಿಸುವ ತರಬೇತುದಾರರಿದ್ದಾರೆ. ಎರಡೂ ರಾಜ್ಯ ಸಂಸ್ಥೆಗಳು ಒಂದೇ ರಾಷ್ಟ್ರೀಯ ಸಂಸ್ಥೆಯ ಅಂಗಗಳು, ಸೋಪಾನಗಳೂ ಅವೇ. ಹೀಗಿರುವಾಗ ಪುಸ್ತಕ ತರಿಸಿಕೊಳ್ಳಲು, ಚಾಮರಾಜನಗರದಿಂದ ಒಬ್ಬ ತರಬೇತುದಾರರನ್ನು ವರ್ಷಕ್ಕೆರಡು ಬಾರಿ ಕರೆಸಲು ಬೇಕಾದದ್ದು ಎರಡು ಕಚೇರಿಗಳ ನಡುವಿನ ಒಂದು ಪತ್ರ. 2016ರ ಡಿಸೆಂಬರ್ ಕೊನೆಯಿಂದ 2017ರ ಜನವರಿ ಮೊದಲ ವಾರದವರೆಗೆ 17ನೇ ರಾಷ್ಟ್ರೀಯ ಜಾಂಬೂರಿ ನಡೆದದ್ದು ನಂಜನಗೂಡು ತಾಲ್ಲೂಕಿನ ಅಡಕನಹಳ್ಳಿಯಲ್ಲಿ, ಅಂದರೆ ಚಾಮರಾಜನಗರದ ಪಕ್ಕದ ತಾಲ್ಲೂಕಿನಲ್ಲಿ. ದೇಶದ ಮೂಲೆಮೂಲೆಯಿಂದ ಮಕ್ಕಳು ರೈಲು ಹತ್ತಿ ಬಂದರು. ಗಡಿಯ ಇತ್ತಲಿನ ಮಗುವಿಗೆ ಮಾತ್ರ ಅಲ್ಲಿಗೆ ಅಧಿಕೃತ ದಾರಿ ಈರೋಡ್, ಚೆನ್ನೈ ಮೂಲಕವೇ. ರಾಜ್ಯ ದಾಟಿ ಶಿಬಿರಕ್ಕೆ ಹೋಗಬೇಕಾದರೆ ತನ್ನ ರಾಜ್ಯ ಸಂಸ್ಥೆಯ ಅನುಮತಿ ಬೇಕೆಂಬುದು ನಿಯಮ. ನಿಯಮ ಸರಿಯೇ. ಗಡಿ ತಾಲ್ಲೂಕುಗಳಿಗೆ ಅದನ್ನು ಸರಳ ಮಾಡಬಾರದೆಂದು ಯಾರೂ ಹೇಳಿಲ್ಲ.

ಕಾಡಿನೊಳಗೆ ಹೈಕ್ ಸಾಧ್ಯವೇ?

ಸ್ಕೌಟಿಂಗ್ ಎಂದರೆ ಕಾಲ್ನಡಿಗೆ, ಡೇರೆ, ಶಿಬಿರಾಗ್ನಿ. ತಾಳವಾಡಿಯ ಸುತ್ತ ಇರುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ರಕ್ಷಿತಾರಣ್ಯ. ವಿಸ್ತೀರ್ಣ 1,400 ಚದರ ಕಿಲೋಮೀಟರಿಗೂ ಹೆಚ್ಚು. ಅನುಮತಿಯಿಲ್ಲದೆ ಅದರೊಳಗೆ ಕಾಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆನೆಗಳು ಹೊಲಕ್ಕೆ ನುಗ್ಗುವುದು ಇಲ್ಲಿ ದಿನದ ಸುದ್ದಿ. ಬೆಳೆ ಹಾಳು ಮಾಡಿ ಜನರ ಪ್ರಾಣಕ್ಕೂ ಎರವಾಗಿದ್ದ ಕರುಪ್ಪನ್ ಎಂಬ ಕಾಡಾನೆಯನ್ನು ಹಲವು ವಿಫಲ ಯತ್ನಗಳ ನಂತರ ಅರಣ್ಯ ಇಲಾಖೆ ಹಿಡಿದದ್ದು 2023ರ ಏಪ್ರಿಲ್‌ನಲ್ಲಿ.

ಅನುಮತಿಯಿಲ್ಲದ ಚಾರಣದ ಬೆಲೆ ಏನೆಂದು ತಮಿಳುನಾಡು 2018ರ ಮಾರ್ಚ್ 11ರಂದು ನೋಡಿದೆ. ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಈರೋಡ್, ತಿರುಪ್ಪೂರು ಕಡೆಯವರೂ ಆ ಗುಂಪಿನಲ್ಲಿದ್ದರು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಪ್ರತ್ಯೇಕ ನಿಯಮಾವಳಿಯನ್ನೇ ತಂದಿತು.

ಹಾಗಾದರೆ ಬೆಟ್ಟದ ದಳ ಹೈಕ್ ಬಿಡಬೇಕೆ? ಬೇಕಿಲ್ಲ. ಕಂದಾಯ ಭೂಮಿಯ ಹೊಲಗಳ ನಡುವೆ, ಊರಿಂದ ಊರಿಗೆ ಹಗಲಲ್ಲಿ ನಡೆದರೆ ಅದೂ ಹೈಕೇ. ನಕ್ಷೆ ಓದುವುದು, ದಿಕ್ಸೂಚಿ ಹಿಡಿಯುವುದು, ದಾರಿಯ ಗುರುತು ಬರೆಯುವುದು ಎಲ್ಲ ಅಲ್ಲೇ ಸಾಧ್ಯ. ಫೆಬ್ರವರಿಯಿಂದ ಮೇವರೆಗಿನ ಒಣ ತಿಂಗಳಲ್ಲಿ ಶಿಬಿರಾಗ್ನಿ ಶಾಲೆಯ ಕಾಂಪೌಂಡು ಬಿಟ್ಟು ಹೊರಗೆ ಬೇಡ. ಅರಣ್ಯ ಇಲಾಖೆಯ ಅನುಮತಿ ಮತ್ತು ಸಿಬ್ಬಂದಿ ಜೊತೆಯಿದ್ದರೆ ಮಾತ್ರ ಕಾಡಿನ ಪಾಠ. ಇಲ್ಲಿನ ಮಕ್ಕಳಿಗೆ ಕಾಡು ಹೊಸದಲ್ಲ ಎಂಬುದೂ ನೆನಪಿರಬೇಕು. ದನಕ್ಕೆ ಕಣ್ಣಿ ಹಾಕುವ ರೈತನ ಮಗನಿಗೆ ಗಂಟಿನ ಪಾಠ ಬೇಗ ಹತ್ತುತ್ತದೆ. ಹಾಡಿಯಿಂದ ಬಂದ ಮಗು ಹೆಜ್ಜೆ ಗುರುತು ನೋಡಿ ಹೇಳುವುದನ್ನು ತರಬೇತುದಾರರೂ ಕುಳಿತು ಕೇಳಬಹುದು. ಬೆಟ್ಟದ ಮಕ್ಕಳು ಹಿಂದೆ ಬಿದ್ದಿರುವುದು ಅರ್ಜಿ, ಬಸ್ಸು ಮತ್ತು ಭಾಷೆಯಲ್ಲಿ. ಸ್ಕೌಟ್ ಕೌಶಲದಲ್ಲಿ ಅಲ್ಲ.

ಕೃಷ್ಣಗಿರಿ ಕಲಿಸಿದ ಪಾಠ

ಎಲ್ಲಕ್ಕಿಂತ ಗಂಭೀರವಾದ ವಿಷಯ ಮಕ್ಕಳ ಸುರಕ್ಷತೆ. 2024ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರಿನಲ್ಲಿ ನಡೆದ ಶಿಬಿರದಲ್ಲಿ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಬಯಲಿಗೆ ಬಂತು. ಆ ಶಾಲೆಗೂ ತನಗೂ ಸಂಬಂಧವೇ ಇಲ್ಲವೆಂದು ಎನ್‌ಸಿಸಿ ಹೇಳಿತು. ಶಿಬಿರವೇ ನಕಲಿ. ಇನ್ನೂ ಕೆಲವು ಶಾಲೆಗಳಲ್ಲಿ ಅಂಥದೇ ಶಿಬಿರ ನಡೆದಿದ್ದವು ಎಂಬುದು ತನಿಖೆಯಲ್ಲಿ ಹೊರಬಿತ್ತು. ಸಮವಸ್ತ್ರ, ಸೀಟಿ, ಗಟ್ಟಿ ದನಿ ಇದ್ದರೆ ಯಾರನ್ನೂ ಕಾಗದ ಕೇಳದೆ ಒಳಗೆ ಬಿಡುತ್ತೇವೆ ಎಂಬುದೇ ಅಲ್ಲಿನ ದೊಡ್ಡ ಲೋಪ.

ಸ್ಕೌಟಿಂಗಿನಲ್ಲೂ ಈ ಎಚ್ಚರ ಬೇಕು. ಸ್ಕೌಟ್ ಎಂಬ ಪದ ಹೆಸರಿನಲ್ಲಿರುವ ಸಂಸ್ಥೆಗಳು ದೇಶದಲ್ಲಿ ಹಲವಿವೆ. ವಿಶ್ವ ಸ್ಕೌಟ್ ಸಂಸ್ಥೆಯ ಸದಸ್ಯತ್ವ ಇರುವುದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ ಮಾತ್ರ. ಹಿಂದೂಸ್ಥಾನ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಬೇರೆ ಸಂಸ್ಥೆಗೂ ಕೇಂದ್ರ ಸರ್ಕಾರದ ಮಾನ್ಯತೆ ಇದೆ. ಯಾವ ಮಾನ್ಯತೆಯೂ ಇಲ್ಲದೆ ಪ್ರಮಾಣಪತ್ರ ಹಂಚುವವರೂ ಇರಬಹುದು. ಮೇಲೆ ಹೇಳಿದ ಮೂರು ಕಾಗದ ಕೇಳುವುದು ಪೋಷಕರ ಹಕ್ಕು.

ಅಸಲಿ ಸಂಸ್ಥೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ದಶಕಗಳ ಕಾಲದ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳ ಭಾರಕ್ಕೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಪರಿಹಾರ ಕೋರಿದವರು 80 ಸಾವಿರಕ್ಕೂ ಹೆಚ್ಚು. ಅಲ್ಲಿ ಈಗ ಯಾವುದೇ ಚಟುವಟಿಕೆಯಲ್ಲೂ ಕನಿಷ್ಠ ಇಬ್ಬರು ಹಿರಿಯರು ಇರಲೇಬೇಕು, ಒಬ್ಬ ಹಿರಿಯ ಒಂದು ಮಗುವಿನ ಜೊತೆ ಒಂಟಿಯಾಗಿರಕೂಡದು ಎಂಬ ನಿಯಮವಿದೆ. ಇದಕ್ಕೆ ಹಣ ಬೇಡ, ಸರ್ಕಾರಿ ಆದೇಶವೂ ಬೇಡ. ತಾಳವಾಡಿಯ ಶಾಲೆಯೊಂದು ನಾಳೆಯಿಂದಲೇ ಪಾಲಿಸಬಹುದು. ಪೋಕ್ಸೊ ಕಾಯ್ದೆ 2012ರಿಂದ ಇದೆ. ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ಅದರ ಪ್ರಕಾರ ಅಪರಾಧ. ಶಾಲೆಯ ಮಾನ ಹೋಗುತ್ತದೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ದುಡ್ಡಿನ ಮಾತು

ದಳಕ್ಕೆ ದೊಡ್ಡ ಬಂಡವಾಳ ಬೇಡ, ಆದರೆ ಬಿಡಿಗಾಸು ಬೇಕು. ನೋಂದಣಿ ಶುಲ್ಕ, ಸಮವಸ್ತ್ರ, ಹಗ್ಗ, ಔಷಧ, ಎಲ್ಲಕ್ಕಿಂತ ಹೆಚ್ಚಾಗಿ ಪ್ರಯಾಣ ಖರ್ಚು. ಕೂಲಿ ಮಾಡುವ ಮನೆಗೆ ಸ್ಕೌಟ್ ಸಮವಸ್ತ್ರವೇ ಒಂದು ಭಾರ. ಬಟ್ಟೆ ಕೊಳ್ಳಲಾಗದ ಮಗು ದಳದಿಂದ ಹೊರಗುಳಿದರೆ, ಬಡಮಕ್ಕಳಿಗೆ ಧೈರ್ಯ ತುಂಬಬೇಕಾದ ಚಳವಳಿ ಉಳ್ಳವರ ಅಲಂಕಾರವಾಗುತ್ತದೆ. ಸ್ಕಾರ್ಫು ಮತ್ತು ಬ್ಯಾಡ್ಜು ಮಾತ್ರ ದಳದಿಂದ ಕೊಟ್ಟು, ಉಳಿದದ್ದಕ್ಕೆ ಶಾಲೆಯ ಸಮವಸ್ತ್ರವೇ ಸಾಕೆಂದರೆ ಆರಂಭಕ್ಕೆ ಯಾವ ಕೊರತೆಯೂ ಆಗದು.

ಹಣ ಗಳಿಸುವ ದಾರಿಯನ್ನೂ ಸ್ಕೌಟಿಂಗ್ ಹೇಳಿಕೊಟ್ಟಿದೆ. ಅದಕ್ಕೆ ಖರಿ ಕಮಾಯಿ ಎಂದು ಹೆಸರು. ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ, ಬೇಡದೆ, ದುಡಿದು ದಳಕ್ಕೆ ಸೇರಿಸುವ ಹಣ. ನವೆಂಬರ್ 7ರ ಸಂಸ್ಥಾಪನಾ ದಿನದಂದು ಧ್ವಜದ ಚೀಟಿ ಮಾರಿ ನಿಧಿ ಕೂಡಿಸುವ ಪದ್ಧತಿಯೂ ಇದೆ. ಎಷ್ಟು ಬಂತು, ಎಲ್ಲಿ ಹೋಯಿತು ಎಂಬುದನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಬರೆದು ಅಂಟಿಸಿದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಆ ಲೆಕ್ಕ ಮಕ್ಕಳ ಕೈಬರಹದಲ್ಲೇ ಇರಲಿ.

ಪ್ರಯೋಜನ ಏನು ಎಂದು ಕೇಳುವ ಪೋಷಕರಿಗೂ ಉತ್ತರವಿದೆ. ರೈಲ್ವೆ ಇಲಾಖೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾದಡಿ ನೇಮಕಾತಿ ನಡೆಯುತ್ತದೆ. ರಾಷ್ಟ್ರಪತಿ ಪುರಸ್ಕಾರ ಅಥವಾ ಹಿಮಾಲಯ ವುಡ್ ಬ್ಯಾಡ್ಜ್, ಐದು ವರ್ಷಗಳ ಸಕ್ರಿಯ ಸದಸ್ಯತ್ವ, ರಾಷ್ಟ್ರ ಮತ್ತು ರಾಜ್ಯ ಮಟ್ಟದ ಶಿಬಿರಗಳ ಹಾಜರಿ ಕೇಳುತ್ತಾರೆ. ಆದರೆ ಮೇಷ್ಟ್ರ ವರ್ಗಾವಣೆಯಿಂದ ಮೂರನೇ ವರ್ಷಕ್ಕೇ ದಳ ನಿಂತರೆ ಈ ಅರ್ಹತೆ ಬೆಟ್ಟದ ಮಗುವಿಗೆ ಎಂದೂ ಸಿಗದು. ದಳದ ಮುಂದುವರಿಕೆ ಎಂಬುದು ಬರೀ ಆದರ್ಶದ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು.

ಮುಂದಿನ ದಾರಿ

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನಿಯಮಗಳಲ್ಲಿ ಶಾಲೆಗೆ ಸೇರಿದ ದಳದ ಜೊತೆಗೆ ಮುಕ್ತ ದಳಕ್ಕೂ ಅವಕಾಶವಿದೆ. ಅದು ಒಂದು ಶಾಲೆಯದಲ್ಲ, ಊರಿನದು. ಹತ್ತಿರದ ನಾಲ್ಕಾರು ಹಳ್ಳಿಗಳ ಮಕ್ಕಳು ಸೇರಬಹುದು. ಶಾಲೆ ಬಿಟ್ಟವರೂ, ಕಾಲೇಜಿಗೆ ಹೋಗುವ ರೋವರ್, ರೇಂಜರ್ ವಯಸ್ಸಿನವರೂ ಇರಬಹುದು. ತಾಳವಾಡಿಯಂಥ ಕಡೆಗೆ ಇದೇ ಹೊಂದುತ್ತದೆ. ಶಿಕ್ಷಕರಿಗೆ ವರ್ಗವಾಗುತ್ತದೆ. ಊರಿನ ಪದವೀಧರ ಯುವಕ ಯುವತಿಗೆ, ನಿವೃತ್ತ ಸೈನಿಕರಿಗೆ, ಅಂಗನವಾಡಿ ಕಾರ್ಯಕರ್ತೆಗೆ ವರ್ಗವಿಲ್ಲ. ಅಂಥ ನಾಲ್ಕು ಜನರನ್ನು ಗುರುತಿಸಿ ಬೇಸಿಕ್ ತರಬೇತಿಗೆ ಕಳಿಸುವುದು ಜಿಲ್ಲಾ ಸಂಸ್ಥೆಗೆ ದೊಡ್ಡ ಖರ್ಚಲ್ಲ.

ಮೇಲ್ವಿಚಾರಣೆಗೂ ಹೊಸ ಸಮಿತಿ ಹುಡುಕಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಸರ್ಕಾರಿ ಶಾಲೆಯಲ್ಲೂ ಆಡಳಿತ ಸಮಿತಿ ಇದೆ, ಅದರಲ್ಲಿ ಮುಕ್ಕಾಲು ಪಾಲು ಪೋಷಕರು. ವರ್ಷಕ್ಕೆರಡು ಬಾರಿ ಆ ಸಮಿತಿಯ ಮುಂದೆ ದಳದ ಹಾಜರಿ, ಲೆಕ್ಕ, ಶಿಬಿರಗಳ ವಿವರ ಬರಲಿ. ತೃತೀಯ ಸೋಪಾನದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಬೆಟ್ಟದ ಮೇಲೇ ನಡೆಸಲಿ. ಐವತ್ತು ಮಕ್ಕಳು ಘಾಟಿ ಇಳಿಯುವುದಕ್ಕಿಂತ ನಾಲ್ವರು ಪರೀಕ್ಷಕರು ಘಾಟಿ ಹತ್ತುವುದು ಸುಲಭ, ಅಗ್ಗ, ಸುರಕ್ಷಿತ. ಕನ್ನಡ ಬಲ್ಲ ಒಬ್ಬ ಪರೀಕ್ಷಕರು ಅವರಲ್ಲಿರಲಿ.

ಇವುಗಳಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಕಿಲ್ಲ. ಬೇಕಾಗಿರುವುದು ಈರೋಡ್‌ನಿಂದ ಒಂದು ಪತ್ರ, ತಾಳವಾಡಿಯಲ್ಲಿ ನಾಲ್ಕು ಜನ, ಮತ್ತು ಕಾಗದ ತೋರಿಸಿ ಎಂದು ಕೇಳುವ ಪೋಷಕರು. ಸಿದ್ಧವಾಗಿರು ಎಂಬುದು ಸ್ಕೌಟ್ ಮಕ್ಕಳಿಗೆ ಕಲಿಸುವ ಧ್ಯೇಯವಾಕ್ಯ. ಮಕ್ಕಳು ಸಿದ್ಧರಾಗಿಯೇ ಇದ್ದಾರೆ. ದೊಡ್ಡವರು ಸಿದ್ಧರಾಗುವುದು ಯಾವಾಗ?